ಕಾಗದದ ಆಯ್ಕೆ: ವಿಜಾಪುರ ಸೀಮೆಯ ನಾಲ್ಕು ತಾಲೂಕುಗಳನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಇತಿಹಾಸದ ಅಭ್ಯಾಸಿಯು ಕಾಗದದ ಮೇಲೆ ಬರೆದುದನ್ನು ಓದುವನೇ ಹೊರತು ಕಾಗದವನ್ನು ಓದುವದು ಅಪರೂಪ. ಈ ಲೇಖಕನೂ ಬಹುಕಾಲ ಹಾಗೆಯೇ ಇದ್ದನು. ಮುದ್ದೇಬಿಹಾಳ ತಾಲೂಕಿನ ಹಳ್ಳಿಯೊಂದರ ಹಳೆಯ ಮನೆಯಲ್ಲಿ ದಫ್ತರ ನೋಡಲು ಕುಳಿತ ದಿನ ಆ ಅಭ್ಯಾಸಕ್ಕೆ ಭಂಗ ಬಂದಿತು. ಒಂದೇ ಟ್ರಂಕಿನಲ್ಲಿ ಎರಡು ಬಗೆಯ ಕಾಗದಗಳಿದ್ದವು. ಮಾಸಿದ ರುಮಾಲಿನಲ್ಲಿ ಸುತ್ತಿಟ್ಟವು ಪೇಶವೆಯರ ಕಾಲದ ಮೋಡಿ ಪತ್ರಗಳು. ಅಂಚಿನಲ್ಲಿ ಹುಳು ತಿಂದಿದ್ದರೂ ಮಡಿಕೆ ಬಿಚ್ಚಿದರೆ ಅರಿವೆಯಂತೆ ಬಾಗುತ್ತಿದ್ದವು. ಅವುಗಳ ಕೆಳಗೆ ಇದ್ದವು 1960ರ ಸುಮಾರಿನ ಲೆಕ್ಕದ ವಹಿಗಳು. ಇವು ಬೆರಳು ತಾಕಿದ ಮಾತ್ರಕ್ಕೆ ಒಣಗಿದ ಹಪ್ಪಳದಂತೆ ಮುರಿದವು. ಇನ್ನೂರು ವರ್ಷದ ಹಿಂದಿನದನ್ನು ಓದಿದೆವು; ಅಜ್ಜನ ಕೈಬರಹವನ್ನು ಗುಡಿಸಿ ಹೊರಗೆ ಹಾಕಬೇಕಾಯಿತು. ಆ ಮನೆಯ ಹಿರಿಯರು, "ಹೊಸಾದಕ್ಕ ಬಾಳಿಕಿಲ್ಲ ನೋಡ್ರಿ" ಎಂದಷ್ಟೇ ಹೇಳಿ ಟ್ರಂಕನ್ನು ಮುಚ್ಚಿದರು.

ಇಂದು 'ಪರಿಸರಕ್ಕೆ ಹಿತವಾದ ಕಾಗದ' ಎಂಬ ಮಾತು ಎಲ್ಲೆಡೆ ಕೇಳಿಬರುತ್ತಲಿದೆ. ನೋಟುಪುಸ್ತಕದ ರಟ್ಟಿನ ಮೇಲೆ ಹಸುರು ಎಲೆಯ ಚಿತ್ರವಿರುವದು. ಚಹಾದಂಗಡಿಯ ಲೋಟದ ಮೇಲೂ ಅದೇ ಎಲೆ. ಈ ಎಲೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು, ಕಾಗದವನ್ನು ಆರಿಸುವಾಗ ಯಾವ ಪ್ರಶ್ನೆಗಳನ್ನು ಕೇಳತಕ್ಕದ್ದು, ಮತ್ತು ಆ ಪ್ರಶ್ನೆಗಳಿಗೆ ನಮ್ಮ ಸೀಮೆಯ ಇತಿಹಾಸದಿಂದ ಏನಾದರೂ ಬೆಳಕು ದೊರೆಯುವದೇ ಎಂಬದು ಪ್ರಕೃತ ಲೇಖನದ ವಿಷಯ.

ಸೀಮೆಯೆಂದರೆ ಇಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು. 1884ರ ಮುಂಬಯಿ ಗ್ಯಾಸೆಟಿಯರಿನ ವಿಜಾಪುರ ಸಂಪುಟದಲ್ಲಿ ಈ ನಾಲ್ಕೂ ತಾಲೂಕುಗಳ ಹೆಸರುಗಳು ಬಂದಿವೆ. ಇತ್ತೀಚೆಗೆ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮೊದಲಾದವು ಪ್ರತ್ಯೇಕ ತಾಲೂಕುಗಳಾಗಿವೆ. 2014ರಿಂದ ಜಿಲ್ಲೆಯ ಹೆಸರೂ ವಿಜಯಪುರವಾಗಿದೆ. ಹಳೆಯ ಎಲ್ಲೆಗಳನ್ನೇ ಇಟ್ಟುಕೊಳ್ಳಲು ಕಾರಣವಿಷ್ಟೆ: ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ ಈ ಎರೆಯ ನಾಡಿನಲ್ಲಿ ಅಡವಿಯೆಂಬದು ಇಲ್ಲವೆಂದರೂ ಸಲ್ಲುವದು. ಜಿಲ್ಲೆಯ ಅರಣ್ಯಭಾಗವು ಭೂಮಿಯ ಶೇಕಡಾ ಒಂದನ್ನೂ ಮುಟ್ಟುವದಿಲ್ಲ. ಆದುದರಿಂದ ಇಲ್ಲಿ ನಾವು ಬಳಸುವ ಮರದ ಕಾಗದದ ಪ್ರತಿಯೊಂದು ಹಾಳಿಯೂ ಬೇರೆ ಯಾರದೋ ನೆಲದಿಂದ ಬಂದುದು. ಕಾಗದದ ಬೆಲೆಯನ್ನು ಅಂಗಡಿಯಲ್ಲಿ ಕೊಡುವೆವು. ಅದರ ಉಳಿದ ಬೆಲೆಯನ್ನು ಎಲ್ಲಿಯೋ ಯಾರೋ ತೆರುವರು.

ಇದು ಇಂದಿನ ಮಾತಷ್ಟೇ ಅಲ್ಲ. ನಮ್ಮ ಶಬ್ದಗಳನ್ನೇ ನೋಡೋಣ. ಓಲೆ, ಗರಿ, ಪತ್ರ, ಇವೆಲ್ಲ ಗಿಡಮರಗಳ ಅಂಗಗಳು. ಹಾಳಿ ಎಂಬದು ಅಡಿಕೆಯ ಹಾಳೆಯನ್ನು ನೆನಪಿಗೆ ತರುವದು. ಆದರೆ ಕಾಗದ, ಕಲಮು, ಶಾಯಿ, ದಫ್ತರ, ರುಮಾಲು, ಇವು ಪಾರಸಿ-ಅರಬ್ಬಿಗಳ ಮಾರ್ಗವಾಗಿ ಬಂದವು. ತಾಳೆಯೋಲೆಯನ್ನು ನಾವು 'ಸ್ವದೇಶಿ' ಎಂದು ಭಾವಿಸುವದು ವಾಡಿಕೆಯಾದರೂ ಬರವಣಿಗೆಗೆ ಉತ್ತಮವೆನಿಸಿದ ಶ್ರೀತಾಳೆಯು ಕರಾವಳಿ ಮತ್ತು ಘಟ್ಟದ ಮರವೇ ಹೊರತು ಬಿಸಿಲು ಸುಡುವ ಈ ಬಯಲಿನದಲ್ಲ. ವಚನಗಳ ಕಟ್ಟುಗಳು ಇಲ್ಲಿಯ ಮಠ-ಮನೆಗಳಲ್ಲಿ ಉಳಿದವು. ಓಲೆ ಮಾತ್ರ ದೂರದಿಂದ ಬಂದಿತು. ಆ ಗರಿಗಳನ್ನು ಕುದಿಸಿ, ನೆರಳಿನಲ್ಲಿ ಒಣಗಿಸಿ, ತಿಕ್ಕಿ ನಯಮಾಡಿ, ಕಂಟದಿಂದ ಕೊರೆದು, ಕೊರೆದ ಗೆರೆಗಳಿಗೆ ಮಸಿ ತೊಡೆಯುತ್ತಿದ್ದರು. ದುಬಾರಿಯ ವಸ್ತುವಾದುದರಿಂದ ಏನನ್ನು ಬರೆಯಬೇಕು, ಏನನ್ನು ಬಾಯಲ್ಲಿಟ್ಟುಕೊಳ್ಳಬೇಕು ಎಂಬ ವಿವೇಕವೂ ಅದರೊಡನೆ ಬಂದಿತ್ತು.

ಈ ಕಟ್ಟುಗಳ ಪುಣ್ಯವೆಂದರೆ ಫ. ಗು. ಹಳಕಟ್ಟಿಯವರು ವಿಜಾಪುರಕ್ಕೆ ವಕೀಲಿ ಮಾಡಲು ಬಂದುದು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ 1964ರಲ್ಲಿ ತೀರಿಕೊಂಡ ಅವರು ಊರೂರು ಅಲೆದು ಓಲೆಕಟ್ಟುಗಳನ್ನು ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅವರು ಓಲೆಯಿಂದ ಕಾಗದಕ್ಕೆ ವಚನಗಳನ್ನು ದಾಟಿಸಿದರೆಂದು ಹೇಳುವೆವು. ದಾಟಿಸಿದುದು ನಿಜ. ಆದರೆ ದಾಟಿದ ದೋಣಿ ಯಾವದು? ಶತಮಾನಗಳನ್ನು ಕಂಡ ಓಲೆಯಿಂದ, ಒಂದು ಶತಮಾನವನ್ನು ದಾಟಲು ಏದುಸಿರು ಬಿಡುವ ಯಂತ್ರದ ಕಾಗದಕ್ಕೆ! ಆ ಕಾಲದ ಕನ್ನಡ ಮಾಸಪತ್ರಿಕೆಗಳ ಸಂಪುಟಗಳನ್ನು ಗ್ರಂಥಾಲಯದಲ್ಲಿ ಬಿಚ್ಚಿ ನೋಡಿದವರಿಗೆ ಈ ಮಾತು ಅತಿಶಯವೆನಿಸದು.

ಆದಿಲಶಾಹಿಯ ಕಾಲದ ಕಾಗದದ ಸಂಗತಿ ಬೇರೆ. 1570ರಲ್ಲಿ ವಿಜಾಪುರದಲ್ಲಿ ಸಿದ್ಧವಾದ 'ನುಜೂಮ್ ಉಲ್ ಉಲೂಮ್' ಎಂಬ ಸಚಿತ್ರ ಹಸ್ತಪ್ರತಿಯು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಆಸಾರ ಮಹಲಿನಲ್ಲಿ ಉಳಿದಿದ್ದ ಅರಮನೆಯ ಗ್ರಂಥಗಳು 1853ರಲ್ಲಿ ಲಂಡನ್ನಿಗೆ ಸಾಗಿದವು. ಪರರ ಪಾಲಾದವೆಂಬ ದುಃಖವಿದ್ದರೂ ಅವು ಪುಡಿಯಾಗಲಿಲ್ಲ. ಇದಕ್ಕೆ ಕಾರಣ ಅವುಗಳ ಕಚ್ಚಾ ಸಾಮಾನು. ದಖ್ಖನದ ಕಾಗಜಿಗಳು ಹಳೆಯ ಅರಿವೆ, ಹಗ್ಗ, ಗೋಣಿಗಳ ನಾರನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕುಟ್ಟಿ, ತೊಳೆದು, ಜರಡಿಯ ಮೇಲೆ ಎತ್ತಿ, ಗಂಜಿ ಬಳಿದು, ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಿದ್ದರು. ಉದ್ದನೆಯ ನಾರು, ಉಳಿದುಕೊಂಡ ಸುಣ್ಣದ ಅಂಶ, ಆಮ್ಲವಿಲ್ಲದ ಗಂಜಿ, ಈ ಮೂರೂ ಕೂಡಿ ಆ ಕಾಗದವನ್ನು ಕಾಯ್ದವು. ಮೇಲಾಗಿ ಅದರ ಮೂಲವು ಚಿಂದಿ. ಇಂದು 'ಮರುಬಳಕೆ' ಎಂದು ಹೊಸದಾಗಿ ಹೇಳುವದನ್ನು ಅವರು ಹೆಸರಿಡದೆ ಮಾಡುತ್ತಲಿದ್ದರು.

ದಕ್ಷಿಣದ ಮೈಸೂರು, ಶೃಂಗೇರಿಗಳ ಕಡೆಗೆ ಇನ್ನೊಂದು ಸಾಧನವಿತ್ತು. ಅರಿವೆಗೆ ಹುಣಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ ಮಡಿಸಿದ ಕಡತ. ಬಳಪದಿಂದ ಬರೆಯುವದು, ಬೇಡವಾದರೆ ಅಳಿಸಿ ಮತ್ತೆ ಬರೆಯುವದು. ಕರ್ನಲ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದಲ್ಲಿ ಇದನ್ನು ವರ್ಣಿಸಿದ್ದಾನೆ. ಇಂದಿನ ಕಚೇರಿಯ ಕರಡುಪ್ರತಿಗಳ ರಾಶಿಯನ್ನು ನೋಡಿದಾಗಲೆಲ್ಲ ಕಡತದ ನೆನಪಾಗುವದು. ಕಡತವೆಂಬ ಹೆಸರನ್ನು ನಾವು ಕಚೇರಿಯ ಫೈಲಿಗೆ ಕೊಟ್ಟು ಉಳಿಸಿಕೊಂಡಿದ್ದೇವೆ. ಅಳಿಸಿ ಬರೆಯುವ ಗುಣವನ್ನು ಮಾತ್ರ ಬಿಟ್ಟಿದ್ದೇವೆ.

ಯಂತ್ರದ ಕಾಗದವು ಏಕೆ ಮುರಿಯುವದು? ಮರದಲ್ಲಿ ನಾರಿನ ಜೊತೆಗೆ ಅದನ್ನು ಬಿಗಿಹಿಡಿಯುವ ಲಿಗ್ನಿನ್ ಎಂಬ ಅಂಟು ಇರುವದು. 1844ರ ಸುಮಾರಿಗೆ ಜರ್ಮನಿಯ ಕೆಲ್ಲರ್ ಎಂಬವನು ಮರವನ್ನು ಕಲ್ಲಿಗೆ ತಿಕ್ಕಿ ಅರೆದು ಕಾಗದದ ಹಿಟ್ಟು ಮಾಡುವ ಕ್ರಮವನ್ನು ಕಂಡುಹಿಡಿದನು. ಇದರಲ್ಲಿ ಮರದ ಶೇ. 90ಕ್ಕೂ ಹೆಚ್ಚು ಭಾಗ ಕಾಗದವಾಗುವದು. ಆದರೆ ಲಿಗ್ನಿನ್ ಒಳಗೇ ಉಳಿಯುವದರಿಂದ ಬಿಸಿಲಿಗೆ ಹಳದಿಯಾಗಿ ಬೇಗ ಹಾಳಾಗುವದು. ವೃತ್ತಪತ್ರಿಕೆಯ ಕಾಗದ ಇಂಥದು. ಇನ್ನೊಂದು ಕ್ರಮದಲ್ಲಿ ರಾಸಾಯನಿಕಗಳಿಂದ ಬೇಯಿಸಿ ಲಿಗ್ನಿನ್ನನ್ನು ತೆಗೆಯುವರು. ಕಾಗದ ಗಟ್ಟಿ, ಆದರೆ ಮರದ ಸುಮಾರು ಅರ್ಧ ತೂಕ ಹೊರಗೆ ಹೋಗುವದು. ಇವೆರಡರ ಶಿವಾಯ, ಶಾಯಿ ಹರಡದಂತೆ ಮಾಡಲು 1807ರಿಂದ ಪ್ರಚಾರಕ್ಕೆ ಬಂದ ಪಟಿಕ ಮತ್ತು ರಾಳದ ಲೇಪವು ಆಮ್ಲವನ್ನು ಹುಟ್ಟಿಸಿ ನಾರನ್ನು ಒಳಗಿನಿಂದಲೇ ತುಂಡರಿಸುತ್ತ ಹೋಯಿತು. ಮುದ್ದೇಬಿಹಾಳದ ಆ ಲೆಕ್ಕದ ವಹಿಗಳು ಹೊರಗಿನ ಶತ್ರುವಿನಿಂದ ಸತ್ತವಲ್ಲ.

ಇಲ್ಲಿಯೇ ಆಯ್ಕೆಯ ನಿಜವಾದ ತೊಡಕಿರುವದು. ಮರವನ್ನು ಹೆಚ್ಚು ಉಳಿಸುವ ಕಾಗದ ಬೇಗ ಸಾಯುವದು. ಬಹುಕಾಲ ಬಾಳುವ ಕಾಗದ ಹೆಚ್ಚು ಮರವನ್ನು ತಿನ್ನುವದು. 'ಪರಿಸರಕ್ಕೆ ಹಿತ' ಎಂಬ ಒಂದೇ ಮುದ್ರೆಯಿಂದ ಈ ತೊಡಕು ಬಿಡದು.

ಮರದ ಬೆಲೆಯನ್ನು ತೆತ್ತವರು ಯಾರೆಂಬದಕ್ಕೆ ದೂರ ಹೋಗಬೇಕಾಗಿಲ್ಲ. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಲ್ಲಿ ಉತ್ಪಾದನೆಗೆ ತೊಡಗಿತು. ಉತ್ತರ ಕನ್ನಡದ ಅಡವಿಯ ಬಿದಿರು ಅದರ ಆಹಾರ. ಪರಿಸರ ವಿಜ್ಞಾನಿ ಮಾಧವ ಗಾಡಗೀಳರು ಬರೆದಂತೆ ಆ ಬಿದಿರನ್ನು ಗಿರಣಿಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಗುತ್ತಿತ್ತು. ಬುಟ್ಟಿ ಹೆಣೆದು ಬದುಕುವ ಮೇದಾರರು ಅದೇ ಬಿದಿರಿಗೆ ಪೇಟೆಯ ಧಾರಣೆಯನ್ನು ತೆರಬೇಕಾಗಿತ್ತು. 1970ರ ದಶಕದಲ್ಲಿ ಬಿದಿರು ಕ್ಷೀಣಿಸಿದ ಕಾರಣವನ್ನು ಗಾಡಗೀಳರು ಮತ್ತು ಅವರ ಸಂಗಡಿಗರು ಅಭ್ಯಸಿಸಿದಾಗ ಹಳ್ಳಿಗರ ಮಾತೊಂದು ಕಣ್ಣು ತೆರೆಯಿಸಿತು. ಬಿದಿರುಮೆಳೆಯ ಬುಡದ ಮುಳ್ಳನ್ನು ಸವರಿದರೆ ಬೆಳೆ ಚೆನ್ನಾಗಿ ಬರುವದೆಂದು ಶಾಸ್ತ್ರವಿತ್ತು. ಆದರೆ ಎಳೆಯ ಮೊಳಕೆಗಳನ್ನು ದನಗಳಿಂದ ಕಾಯುತ್ತಿದ್ದುದು ಆ ಮುಳ್ಳೇ. ಮುಳ್ಳು ಹೋಯಿತು, ಮೊಳಕೆಯೂ ಹೋಯಿತು. ಬಿದಿರು ಸಾಲದಾದಾಗ ನೀಲಗಿರಿ, ಸುಬಾಬುಲ್, ಗಾಳಿಮರಗಳು ಬಂದವು. ಹರಿಹರದ ನಾರಿನ ಕಾರ್ಖಾನೆಗಾಗಿ ಸಮುದಾಯದ ಭೂಮಿಯಲ್ಲಿ ನೀಲಗಿರಿ ನೆಡುವದನ್ನು ವಿರೋಧಿಸಿ 1987ರ ನವೆಂಬರದಲ್ಲಿ ಕುಸನೂರಿನಲ್ಲಿ ನಡೆದ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹವು ಪ್ರಸಿದ್ಧವೇ ಇದೆ. ಅಲ್ಲಿ ತಯಾರಾಗುತ್ತಿದ್ದುದು ಬರೆಯುವ ಕಾಗದವಲ್ಲ, ರೇಯಾನ್ ಬಟ್ಟೆಯ ಹಿಟ್ಟು; ಆದರೂ ಮರದ ಹಿಟ್ಟಿನ ಪ್ರಶ್ನೆ ಒಂದೇ.

ಹಾಗಾದರೆ ಮರವಿಲ್ಲದ ಕಾಗದವೇ ಲೇಸೆನ್ನೋಣವೆ? ಇಂಡಿ, ಸಿಂದಗಿಗಳ ಕಡೆಗೆ ಈಗ ಕಬ್ಬು ವಿಶೇಷವಾಗಿದೆ. ಸಕ್ಕರೆ ಕಾರ್ಖಾನೆಗಳೂ ಇವೆ. ನುರಿಸಿದ ಕಬ್ಬಿನ ತೂಕದ ಸುಮಾರು ಶೇ. 30ರಷ್ಟು ಸಿಪ್ಪೆಯಾಗಿ ಉಳಿಯುವದು. ಅದರೊಳಗಿನ ಬೆಂಡನ್ನು ಬೇರ್ಪಡಿಸಿದರೆ ಒಳ್ಳೆಯ ಕಾಗದವಾಗುವದು. 1979ರಲ್ಲಿ ಸ್ಥಾಪಿತವಾದ ತಮಿಳುನಾಡು ನ್ಯೂಸ್‌ಪ್ರಿಂಟ್ ಅಂಡ್ ಪೇಪರ್ಸ್ ಇದನ್ನು ದೊಡ್ಡ ಪ್ರಮಾಣದಲ್ಲಿ ಸಾಧಿಸಿ ತೋರಿಸಿತು. 1936ರಲ್ಲಿ ಹುಟ್ಟಿದ ನಮ್ಮ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯೂ ಕಬ್ಬಿನ ಸಿಪ್ಪೆಯನ್ನು ಬಳಸಿತ್ತು. ಅದು ಈಗ ನಿಂತುಹೋಗಿದೆ. ಆದರೆ ಸಕ್ಕರೆ ಕಾರ್ಖಾನೆಯು ಸಿಪ್ಪೆಯನ್ನು ಎಸೆಯುವದಿಲ್ಲ. ತನ್ನ ಕುಲುಮೆಯಲ್ಲಿ ಉರಿಸಿ ಉಗಿಯನ್ನೂ ವಿದ್ಯುತ್ತನ್ನೂ ಮಾಡಿಕೊಳ್ಳುವದು. ಸಿಪ್ಪೆಯನ್ನು ಕಾಗದಕ್ಕೆ ಕೊಟ್ಟರೆ ಅದರ ಬದಲು ಕಲ್ಲಿದ್ದಲು ಅಥವಾ ಉಗಿ ಕೊಡಬೇಕು. ತಮಿಳುನಾಡಿನ ಏರ್ಪಾಡು ಇಂಥದೇ. ಅಡವಿ ಉಳಿದು ಗಣಿ ಬರಿದಾಗುವದು. ಕಬ್ಬು ಕುಡಿಯುವ ಕೃಷ್ಣೆ-ಭೀಮೆಯರ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಭತ್ತ, ಗೋಧಿಯ ಹುಲ್ಲಿನಿಂದ ಮಾಡುವ ಸಣ್ಣ ಗಿರಣಿಗಳ ತೊಂದರೆ ಬೇರೆ. ಹುಲ್ಲಿನಲ್ಲಿ ಮರಳಿನ ಅಂಶ ಹೆಚ್ಚಾಗಿರುವದರಿಂದ ಬೇಯಿಸಿದ ಕಪ್ಪು ದ್ರಾವಣದಿಂದ ರಾಸಾಯನಿಕಗಳನ್ನು ಮರಳಿ ಪಡೆಯುವದು ಕಷ್ಟ. ಎಷ್ಟೋ ಗಿರಣಿಗಳು ಅದನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟ ಕಾಲವಿತ್ತು. ಜೋಳದ ಕಣಿಕೆಯಿಂದಲೂ ಕಾಗದವಾಗುವದೆಂದು ಯಾರಾದರೂ ಹೇಳಿದರೆ ನಮ್ಮ ರೈತರು ನಗುವರು. ಬರಗಾಲದ ಸೀಮೆಯಲ್ಲಿ ಕಣಿಕೆಗೆ ದನದ ಬಾಯಿ ಕಾದಿರುವದು.

ಇನ್ನು ರದ್ದಿಯಿಂದ ಮಾಡಿದ ಕಾಗದ. ಭಾರತದ ಕಾಗದದ ಬಹುಭಾಗ ಇಂದು ರದ್ದಿಯಿಂದಲೇ ಆಗುವದು. ತಕ್ಕಡಿ ಹಿಡಿದು ಓಣಿ ತಿರುಗುವ ರದ್ದಿಯವನು ಈ ಉದ್ಯಮದ ಮೊದಲ ಕಾರ್ಮಿಕ. ಹೊಸ ಮರ ಬೇಡ, ನೀರು ಮತ್ತು ಇಂಧನ ಸಾಮಾನ್ಯವಾಗಿ ಕಡಿಮೆ. ಆದರೆ ಪ್ರತಿ ಸಾರಿ ಅರೆದಾಗಲೂ ನಾರು ಗಿಡ್ಡಾಗುವದು. ಐದರಿಂದ ಏಳು ಸಾರಿಯ ಮೇಲೆ ಅದು ಕಾಗದಕ್ಕೆ ನಿಲ್ಲದು. ಎಲ್ಲಿಂದಲೋ ಹೊಸ ನಾರು ಬಂದು ಸೇರಲೇಬೇಕು.

ಅಂಗಡಿಯಲ್ಲಿ ನೋಡತಕ್ಕ ಗುರುತುಗಳ ವಿಷಯವಾಗಿ ಎರಡು ಮಾತು. ಬಾಲ ಹಿಡಿದು ತಿರುಗುವ ಮೂರು ಬಾಣಗಳ ಚಿತ್ರವು 1970ರಲ್ಲಿ ಅಮೇರಿಕೆಯಲ್ಲಿ ಹುಟ್ಟಿದುದು. ಎಷ್ಟೋ ವಸ್ತುಗಳ ಮೇಲೆ ಅದರ ಅರ್ಥ 'ಇದನ್ನು ಮರುಬಳಸಬಹುದು' ಎಂದಷ್ಟೆ, 'ಮರುಬಳಸಿದುದು' ಎಂದಲ್ಲ. 'ಶೇ. 100 ರದ್ದಿಯಿಂದ' ಎಂದು ಅಕ್ಷರಗಳಲ್ಲಿ ಬರೆದಿದ್ದರೆ ಮಾತ್ರ ಅದು ಮಾತು. ಎಫ್.ಎಸ್.ಸಿ. ಎಂಬ ಮುದ್ರೆಯು 1993ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಸ್ಥೆಯದು. ಅದರಲ್ಲಿ 'ಪೂರ್ಣ', 'ಮಿಶ್ರ', 'ಮರುಬಳಕೆ' ಎಂಬ ಮೂರು ದರ್ಜೆಗಳುಂಟು. ನಮ್ಮ ದೇಶದ ಇಕೋಮಾರ್ಕ್ 1991ರದು. ಅದರ ಚಿಹ್ನೆ ಮಣ್ಣಿನ ಗಡಿಗೆ. ಚಿಹ್ನೆಯನ್ನು ಆರಿಸಿದವರ ರುಚಿಯನ್ನು ಮೆಚ್ಚಬೇಕು, ಆದರೆ ಆ ಗಡಿಗೆಯನ್ನು ಹೊತ್ತ ವಸ್ತು ಅಂಗಡಿಯಲ್ಲಿ ಸಿಗುವದು ವಿರಳವಾಯಿತು. 2024ರಲ್ಲಿ ಅದರ ನಿಯಮಗಳನ್ನು ಹೊಸದಾಗಿ ಪ್ರಕಟಿಸಲಾಗಿದೆ.

ಮುದ್ರೆಗಳಿಗಿಂತ ಕಣ್ಣು ಹೆಚ್ಚು ಉಪಯೋಗಿ. ಮಲ್ಲಿಗೆಯಂತೆ ಬೆಳ್ಳಗಿರುವ ಹಾಳಿಯು ಬಿಳುಪಿನ ರಾಸಾಯನಿಕಗಳನ್ನು ಕುಡಿದುದು. ಕ್ಲೋರಿನ್ ವಾಯುವಿನಿಂದ ಬಿಳುಪು ಮಾಡುವ ಹಳೆಯ ಕ್ರಮದಲ್ಲಿ ಡಯಾಕ್ಸಿನ್ ಎಂಬ ವಿಷಗಳು ಹುಟ್ಟಿ ಹೊಳೆಯ ಮೀನುಗಳವರೆಗೆ ಸೇರುತ್ತಿದ್ದವು; ಈಗ ಕ್ಲೋರಿನ್ ಡಯಾಕ್ಸೈಡ್, ಆಮ್ಲಜನಕ, ಹೈಡ್ರೋಜನ್ ಪೆರಾಕ್ಸೈಡುಗಳ ಕ್ರಮಗಳು ಬಂದಿವೆ. ಬರೆಯುವ ಹುಡುಗನ ಕಣ್ಣಿಗೂ ಓದುವ ಮಾಸ್ತರನ ಕಣ್ಣಿಗೂ ಕೆನೆಬಣ್ಣದ ಹಾಳಿ ಹಿತ. ತೂಕವನ್ನೂ ನೋಡಬೇಕು. ಒಂದು ಚದರ ಮೀಟರ್ ಕಾಗದದ ತೂಕವನ್ನು ಗ್ರಾಮುಗಳಲ್ಲಿ ಹೇಳುವದು ಜಿ.ಎಸ್.ಎಂ. 80ರ ಬದಲು 70ರ ಕಾಗದ ತೆಗೆದುಕೊಂಡರೆ ಎಂಟರಲ್ಲಿ ಒಂದು ಭಾಗ ನಾರು ಉಳಿಯಿತು. ಎರಡೂ ಮಗ್ಗುಲಲ್ಲಿ ಬರೆದರೆ ಅರ್ಧವೇ ಉಳಿಯಿತು. ಇದಕ್ಕೆ ಯಾವ ಮುದ್ರೆಯೂ ಬೇಡ.

ಬರೆಯುವದಕ್ಕಲ್ಲದ ಕಾಗದದ ಮಾತು ಬಂದರೆ ಮದುವೆಯ ಚಪ್ಪರಕ್ಕೆ ಹೋಗಬೇಕು. ಪ್ಲಾಸ್ಟಿಕ್ ಲೋಟ ತಟ್ಟೆಗಳನ್ನು ಕರ್ನಾಟಕವು 2016ರಲ್ಲಿಯೂ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕನ್ನು ಕೇಂದ್ರ ಸರಕಾರವು 2022ರ ಜುಲೈ 1ರಿಂದಲೂ ನಿಷೇಧಿಸಿದ ಮೇಲೆ ಕಾಗದದ ಲೋಟಕ್ಕೆ ಸುಗ್ಗಿ ಬಂದಿತು. ಆ ಲೋಟದ ಒಳಮೈಗೆ ಬಹುತೇಕ ಪ್ಲಾಸ್ಟಿಕಿನ ತೆಳುಪರದೆ ಇರುವದು. ಅದಿಲ್ಲದಿದ್ದರೆ ಚಹಾ ನಿಲ್ಲದು. ಅದಿರುವದರಿಂದ ರದ್ದಿಯ ಗಿರಣಿಗೂ ಅದು ಬೇಡ, ತಿಪ್ಪೆಯಲ್ಲಿಯೂ ಕೊಳೆಯದು. ಬಿಸಿನೀರು ಹಾಕಿ ಹದಿನೈದು ನಿಮಿಷ ಬಿಟ್ಟರೆ 100 ಮಿಲಿಲೀಟರಿನಲ್ಲಿ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುವವೆಂದು ಖರಗಪುರದ ಐ.ಐ.ಟಿ.ಯ ಸಂಶೋಧಕರು 2020ರಲ್ಲಿ ತಿಳಿಸಿದರು. ಮುತ್ತಲದ ಎಲೆಯ ಪತ್ರಾವಳಿ ಮತ್ತು ತೊಳೆದು ಬಳಸುವ ಗಾಜಿನ ಲೋಟ, ಇವೆರಡರ ಮುಂದೆ ಈ 'ಹಸುರು' ಲೋಟ ನಿಲ್ಲಲಾರದು. ಇದರಲ್ಲಿ ವಿಚಾರ ಮಾಡುವಂಥದು ಹೆಚ್ಚಿಲ್ಲ.

ವಿಚಾರ ಮಾಡಬೇಕಾದುದು ಬರಹದ ಕಾಗದವನ್ನು. ಇಲ್ಲಿ ಲೇಖಕನ ಅಭಿಪ್ರಾಯವು ಇಷ್ಟು: ಕಾಗದವನ್ನು ಆರಿಸುವ ಮೊದಲು ಬರಹದ ಆಯುಷ್ಯವನ್ನು ಕೇಳಬೇಕು. ಸುತ್ತೋಲೆ, ಕರಡು, ವೇಳಾಪಟ್ಟಿ, ಇವು ಕಡತದ ಜಾತಿಯವು. ಪಾಟಿ ಅಥವಾ ಕಂಪ್ಯೂಟರಿನ ಪರದೆ ಸಾಕು, ಕಾಗದವೇ ಬೇಕಿದ್ದರೆ ಒಂದು ಮಗ್ಗುಲು ಬರೆದ ಹಳೆಯ ಹಾಳಿ ಸಾಕು. ಟಿಪ್ಪಣಿಯ ವಹಿ, ಪರೀಕ್ಷೆಯ ಉತ್ತರಪತ್ರಿಕೆಗಳು ಕೆಲವು ತಿಂಗಳು, ಕೆಲವು ವರ್ಷ ಬಾಳಬೇಕಾದವು. ರದ್ದಿಯಿಂದ ಮಾಡಿದ, ಬಿಳುಪು ಕಡಿಮೆಯಾದ ಕಾಗದ ಅವಕ್ಕೆ ಯೋಗ್ಯ. ಉತ್ತರಪತ್ರಿಕೆಯಲ್ಲಿ ವಿದ್ಯಾರ್ಥಿಗಳು ಖಾಲಿ ಬಿಡುವ ಪುಟಗಳನ್ನು ಯಾರಾದರೂ ಒಮ್ಮೆ ಎಣಿಸಿದರೆ ಪುಟಗಳ ಸಂಖ್ಯೆಯನ್ನು ಇಳಿಸುವ ಬುದ್ಧಿ ಬಂದೀತು. ಆದರೆ ಹುಟ್ಟು-ಸಾವಿನ ದಾಖಲೆ, ಭೂಮಿಯ ಖಾತೆ, ಗ್ರಾಮಸಭೆಯ ಠರಾವು, ಓಲೆಯಿಂದ ಇಳಿಸಿಕೊಂಡ ಪಾಠ, ಇವುಗಳನ್ನು ಅಗ್ಗದ ಹಸುರು ಕಾಗದಕ್ಕೆ ಒಪ್ಪಿಸುವದು ಮಿತವ್ಯಯವಲ್ಲ. ಇವಕ್ಕೆ ಆಮ್ಲರಹಿತವಾದ, ಬಾಳುವ ಕಾಗದ ಬೇಕು. 1994ರ ಅಂತರರಾಷ್ಟ್ರೀಯ ಮಾನಕ ಐ.ಎಸ್.ಒ. 9706ರ ಪ್ರಕಾರ ಇಂಥ ಕಾಗದದ ಪಿ.ಎಚ್. ಅಂಕ 7.5ರಿಂದ 10ರ ಒಳಗಿರಬೇಕು, ಸುಣ್ಣದಂಥ ಕ್ಷಾರದ ಸಂಗ್ರಹ ಅದರಲ್ಲಿರಬೇಕು, ಲಿಗ್ನಿನ್ ಅತ್ಯಲ್ಪವಿರಬೇಕು. ಸುಣ್ಣದ ಮಾತನ್ನು ಓದಿದಾಗ ಕಾಗಜಿಗಳ ತೊಟ್ಟಿ ನೆನಪಿಗೆ ಬಂದಿತು. ಇನ್ನೂ ಮೇಲಿನ ದರ್ಜೆಯ ಐ.ಎಸ್.ಒ. 11108 ಹತ್ತಿ, ಅಗಸೆ ಮೊದಲಾದ ನಾರುಗಳನ್ನು ಕೇಳುವದು.

ಹತ್ತಿಯೆಂದೊಡನೆ ಮನಸ್ಸು ಊರಿಗೆ ಮರಳುವದು. ಎರೆಯ ಹೊಲದ ಹತ್ತಿಗೆ ಈ ಸೀಮೆ ಹೆಸರಾದುದು. ಹತ್ತಿಯ ಚಿಂದಿ, ಹೊಲಿಗೆಯಂಗಡಿಯ ತುಂಡರಿವೆ, ಇವುಗಳಿಂದ ಕೈಕಾಗದ ಮಾಡುವ ವಿದ್ಯೆ ದೇಶದಲ್ಲಿ ಸತ್ತಿಲ್ಲ. ಗಾಂಧೀಜಿಯವರ ಪ್ರೇರಣೆಯಿಂದ 1934ರಲ್ಲಿ ಹುಟ್ಟಿದ ಗ್ರಾಮೋದ್ಯೋಗ ಸಂಘವು ಅದನ್ನು ಎತ್ತಿ ಹಿಡಿಯಿತು. 1940ರಲ್ಲಿ ಪುಣೆಯಲ್ಲಿ ಕೈಕಾಗದ ಸಂಸ್ಥೆ ಆರಂಭವಾಯಿತು. ರಾಜಸ್ಥಾನದ ಸಾಂಗಾನೇರದಲ್ಲಿ ಜೆ. ಸಿ. ಕುಮಾರಪ್ಪನವರ ಹೆಸರಿನ ರಾಷ್ಟ್ರೀಯ ಸಂಸ್ಥೆಯಿದೆ. ಅದು ದುಬಾರಿಯೆಂಬ ಆಕ್ಷೇಪ ಸರಿಯಾದುದೇ. ಆದರೆ ವರ್ಷಕ್ಕೆ ಒಂದು ಗ್ರಾಮಕ್ಕೆ ಬೇಕಾಗುವ ಬಾಳುವ ಕಾಗದ ಎಷ್ಟು? ಒಂದೆರಡು ದಸ್ತಿನ ಮೇಲೆ ಹೋಗಲಾರದು.

ಮುದ್ದೇಬಿಹಾಳದ ಆ ಟ್ರಂಕಿನ ಮೋಡಿ ಪತ್ರಗಳನ್ನು ಇಳಿಸಿಕೊಳ್ಳಲು ಹಿರಿಯರು ಅನುಮತಿ ಕೊಟ್ಟಿದ್ದಾರೆ. ಛಾಯಾಚಿತ್ರಗಳನ್ನು ತೆಗೆದುದಾಗಿದೆ, ಕನ್ನಡ ಲಿಪ್ಯಂತರದ ಒಂದು ಪ್ರತಿಯನ್ನು ಅದೇ ಟ್ರಂಕಿನಲ್ಲಿ ಇಡಬೇಕೆಂದು ಅವರ ಬೇಡಿಕೆ. ಅದಕ್ಕಾಗಿ ಅರಿವೆಯ ಕೈಕಾಗದವನ್ನು ತರಿಸಿ ಅದರ ಪಿ.ಎಚ್. ಅಂಕವನ್ನು ರಸಾಯನಶಾಸ್ತ್ರದ ಮಿತ್ರರಿಂದ ನೋಡಿಸಿದೆವು. ಮೊದಲು ಬಂದ ಕಟ್ಟು ಆಮ್ಲದ ಕಡೆಗೆ ವಾಲಿದ್ದಿತು, ಹಿಂದಿರುಗಿಸಲಾಯಿತು. ಎರಡನೆಯದು 7.8 ತೋರಿಸಿದೆ. ಶಾಯಿಯ ಪರೀಕ್ಷೆ ಇನ್ನೂ ನಡೆದಿದೆ.